ಸುದ್ದಿ ಮುಟ್ಟುವ ತನಕ

ಹೊಸನಗರ, ಮೇ ೧೯೬೪

ತಮ್ಮಾ ವಾಸಪ್ಪ,

ನೀನು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡು ಎರಡು ವಾರವಾಯಿತಂತೆ. ಎಲ್ಲೆಲ್ಲೋ ಅಲೆದ ತಂತಿಯನ್ನು ಟಪಾಲಿನ ಸುಬ್ಬಪ್ಪ ಇವತ್ತು ರಿಪ್ಪನ್‌ಪೇಟೆಯಿಂದ ತಂದ. ಈ ನಡುವೆ ತಂಗಿಯ ಮದುವೆ ಮುಗಿದುಹೋಗಿದೆ.

"ಸೂತಕದಾಗೆ ಧಾರೆ ಎರೆದ್ವಾ?" ಎಂದು ಅಮ್ಮ ಕೇಳಿದಳು.

"ಸುದ್ದಿ ಮುಟ್ಟಿದ ಮೇಲೇ ಸೂತಕ ಕಣೇ ಹೂವಮ್ಮ. ಅಲ್ಲೀ ತನಕ ಅಂವ ಇದ್ದ ಲೆಕ್ಕವೇ," ಎಂದರು ಮುಕುಂದಯ್ಯ ಮಾವ.

ನೀನು ಕಲಿಸಿದ್ದೂ ಅದನ್ನೇ. ಸೂರ್ಯ ಆರಿದರೂ ಎಂಟು ನಿಮಿಷ ನಮಗೆ ಬಿಸಿಲಿರುತ್ತದೆ. ಬೆಳಕಿಗಿಂತ ಬೇಗ ಯಾವ ಸುದ್ದಿಯೂ ಬಾರದು. ಬೆಳಕಿಗಿಂತ ಬೇಗ ಓಡಿ ಕಾಲದಲ್ಲಿ ಹಿಂದೆ ಹೋಗುವವನ ಕತೆಯೊಂದನ್ನು ನಾನು ಅನುವಾದದಲ್ಲಿ ಓದಿ ಹೇಳಿದಾಗ, "ತೂಕ ಇರೋ ಯಾವುದಕ್ಕೂ ಬೆಳಕಿನ ವೇಗ ಸಿಕ್ಕಲ್ಲಣ್ಣ. ನಿನ್ನೆಗೆ ವಾಪಸ್ ಹೋಗೋದು ಕತೇಲಿ ಮಾತ್ರ" ಎಂದು ನೀನು ನಕ್ಕಿದ್ದೆ.

ಮಾವನ ಮಾತು ಕೇಳಿದ ಅಮ್ಮ ಸುಬ್ಬಪ್ಪನತ್ತ ತಿರುಗಿದಳು.

"ಹಂಗಾರೆ ನೀ ಎಂತಕ್ಕೆ ಬಂದ್ಯೋ?"