ಶಾಸಕರು ಬೈದದ್ದು ನಿನ್ನನ್ನು

ಗೆಳೆಯಾ, ಕಳಿಸುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಇವತ್ತು ಕಾರಿನಲ್ಲಿ ನಮ್ಮ ಶಾಸಕರು ಪತ್ರಿಕೆಯಲ್ಲಿ ನಿನ್ನ ವರದಿ ಓದಿ ಕೆಂಡಾಮಂಡಲವಾದರು. ಇನ್ನೂ ಕಟ್ಟದ ಆಸ್ಪತ್ರೆಗೆ ಎರಡು ಸಲ ಅಡಿಗಲ್ಲು ಹಾಕಿದ್ದಾರೆ ಅಂತ ಬರೆದಿದ್ದೀಯಲ್ಲ! "ಯಾವನಯ್ಯಾ ಇವನು, ನನ್ನ ಮಾನ ಕಳೆಯೋಕೇ ಹುಟ್ಟಿದವನು?" ಅಂತ ನಿನ್ನ ಹೆಸರು ಹಿಡಿದು ದಾರಿಯುದ್ದಕ್ಕೂ ಬೈದರು.

ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು. ಮೂರು ವರ್ಷದಿಂದ ಅವರ ಕಾರು ಓಡಿಸುತ್ತಿದ್ದರೂ ನಾನಿನ್ನೂ ಬರೀ "ಏ ಡ್ರೈವರ್". ಶಾಲೆ ಬಿಡುವ ತನಕ ನಿನ್ನ ಪ್ರಬಂಧ ತಿದ್ದುತ್ತಿದ್ದವನು ನಾನು.

ಈ ವರದಿಯಲ್ಲೂ ಒಂದು ತಪ್ಪಿದೆ ಕಣೋ. ಎರಡು ಕಲ್ಲು ಅಂತ ಬರೆದಿದ್ದೀಯ, ಎರಡು ಸಲವೂ ಇಟ್ಟದ್ದು ಒಂದೇ ಕಲ್ಲು. ಡಿಕ್ಕಿಯಲ್ಲಿ ತಂದವನು ನಾನು. ಎರಡನೇ ಸಲ ಅಡಿಗಲ್ಲು ಹಾಕಿದ ದಿನ "ಒಂದೇ ಒಂದು ಮಾತು ಕಣೋ" ಅಂತ ನೀನು ಕಾರಿನ ಹತ್ತಿರ ಓಡಿ ಬಂದಾಗ ಗಾಜು ಏರಿಸಿದವನೂ ನಾನೇ.