ಮುಂಗೈ ತಿರುಗುವವರೆಗೆ

ಅಪ್ಪನಿಗೆ ನಮಸ್ಕಾರ.

ಲಕ್ವ ಹೊಡೆದ ನಿಮ್ಮ ಬಲಗೈ ಚಮಚವನ್ನು ಬಿಗಿಯಾಗಿ ಹಿಡಿಯುತ್ತದೆ, ಆದರೆ ಮುಂಗೈ ಬಾಯಿಯ ಕಡೆಗೆ ತಿರುಗುವುದಿಲ್ಲ ಎಂದು ನರ್ಸಮ್ಮ ಫೋನ್ ಮಾಡಿದ್ದರು.

ಗಾಲ್ಫ್ ಕಲಿಯುವಾಗ ನನಗೂ ಇದೇ ತೊಂದರೆಯಿತ್ತು. ನಿಮಗೆ ಹೆದರಿ ಕೋಲನ್ನು ಬಿಗಿಯಾಗಿ ಹಿಡಿಯುತ್ತಿದ್ದೆ. ಮುಂಗೈ ತಿರುಗದೆ ಚೆಂಡು ಬಲಕ್ಕೆ ಹೊರಳಿ ಪೊದೆ ಸೇರುತ್ತಿತ್ತು. "ಕೈ ಸಡಿಲ ಬಿಡೇ, ಕತ್ತೆ! ಚೆಂಡು ನೆಟ್ಟಗೆ ಹೋಗೋವರೆಗೂ ನಿಂಗೆ ಊಟ ಇಲ್ಲ" ಎನ್ನುತ್ತಿದ್ದಿರಿ. ಅಮ್ಮ ಕದ್ದು ತಂದ ಬ್ರೆಡ್ಡನ್ನು ಕಿತ್ತುಕೊಂಡು ನಾಯಿಗೆ ಹಾಕಿದಿರಿ.

ಕೊನೆಗೂ ಕಲಿತೆ. ನಿಮ್ಮ ಶೋಕೇಸಿನ ತುಂಬ ನನ್ನ ಟ್ರೋಫಿಗಳೇ ಇವೆ.

"ನಾನೇ ತಿನ್ನಿಸಲಾ?" ಎಂದು ನರ್ಸಮ್ಮ ಕೇಳಿದರು. ಬೇಡವೆಂದೆ. ತಟ್ಟೆಯನ್ನು ಎದುರಿಗಿಟ್ಟು, ಬಾಗಿಲೆಳೆದುಕೊಂಡು ಹೊರಗೆ ಹೋಗಲು ಹೇಳಿದ್ದೇನೆ.

ಕೈ ಸಡಿಲ ಬಿಡಿ, ಅಪ್ಪ. ಕದ್ದು ಬ್ರೆಡ್ ತರಲು ಈಗ ಅಮ್ಮನೂ ಇಲ್ಲ.

ನಿಮ್ಮ ಶಿಷ್ಯೆ