‘ಬರಾಂಗಿಲ್ಲ’ ಎಂದಲ್ಲಿ ‘ಬರ್ತೀನಿ’

ಕರೋಶಿ,
೯ ಫೆಬ್ರವರಿ ೨೦೨೫, ಮುಂಜಾನೆ

ಪ್ರೀತಿಯ ಬಸವಂತಣ್ಣಾ,

ನೀನು, ವೈನಿ, ಕೂಸು ಮೂವರೂ ಆರಾಮ ಇದ್ದೀರೆಂದುಕೊಂಡಿದ್ದೇನೆ. ಕೂಸಿಗೆ ಹಲ್ಲು ಬಂದವೇ? ಇಲ್ಲಿ ಅವ್ವ ಆರಾಮ ಇಲ್ಲ. ನನ್ನ ನಂಬರ್ ಬ್ಲಾಕ್ ಮಾಡಿದ್ದೀ, ಮೊನ್ನೆಯಿಂದ ಅವ್ವನದನ್ನೂ ಮಾಡಿದ್ದೀ, ಊರಿನವರು ಯಾರು ಫೋನ್ ಹಚ್ಚಿದರೂ ಎತ್ತುವುದಿಲ್ಲ. ಅದಕ್ಕೇ ನೀನಿರುವ ಕಾಗವಾಡದ ಬಸ್ಸಿನ ಡ್ರೈವರ್ ಈಶ್ವರ ಮಾಮಾನ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಬುಧವಾರದಿಂದ ಅವ್ವ ತುತ್ತು ಅನ್ನ ಮುಟ್ಟಿಲ್ಲ. ಮೊದಲೇ ಜೀವ ಸೋತಿತ್ತು. ಚಿಕ್ಕೋಡಿಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು.

ಅವ್ವನಿಗೆ ಓದಲು ಬರುವುದಿಲ್ಲ. ಅವಳು ‘ಊರಿಗೆ ಬಾ’ ಎಂದು ತನ್ನ ಫೋನಿನಲ್ಲಿ ಮಾತಾಡಿ ಕಳಿಸಿದರೆ, ನೀನು ಬರೆದ ಉತ್ತರವನ್ನು ಫೋನೇ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಪ್ರತಿ ಸಲ ನಿನ್ನದು ಒಂದೇ ಮಾತು, ‘ಬರಾಂಗಿಲ್ಲ’. ಅವಳು ಗೋಡೆಗೆ ಮುಖ ಮಾಡಿ ಮಲಗುವುದನ್ನು ನೋಡಲಾಗದೆ, ಕಾಲೇಜಿನಲ್ಲಿ ಕಲಿತ ಪ್ರೋಗ್ರಾಮಿಂಗ್ ಬಳಸಿದೆ. ಬಹಳವೇನಲ್ಲ, ಒಂದು ಸಾಲು: ಬಂದ ಸಂದೇಶದಲ್ಲಿ ‘ಬರಾಂಗಿಲ್ಲ’ ಎಲ್ಲೆಲ್ಲಿದೆಯೋ ಹುಡುಕು, ಅಲ್ಲೆಲ್ಲ ‘ಬರ್ತೀನಿ’ ಎಂದು ಹಾಕು, ಆಮೇಲೆ ಓದು. ಅವ್ವ ಎದ್ದು ಕೂತಳು, ಗಂಜಿ ಕುಡಿದಳು. ನನಗೆ ಸಿಟ್ಟಿರುವುದು ನಿನ್ನ ಮೇಲೆ. ಬೇರೆ ಜಾತಿಯ ಹುಡುಗಿ ಎಂದು ನಿನ್ನ ಮದುವೆಗೆ ಅವಳು ಬರಲಿಲ್ಲ, ತಪ್ಪೇ. ಅದಕ್ಕಾಗಿ ಎರಡು ವರ್ಷ ಅತ್ತಿದ್ದಾಳೆ, ಇನ್ನೆಷ್ಟು ಅಳಿಸುತ್ತೀ?

ಆದರೆ ಆ ಸಾಲಿಗೆ ಹಿಂದೆ ಮುಂದೆ ನೋಡುವ ಬುದ್ಧಿ ಇಲ್ಲ. ಹೇಳಿದ ಪದ ಸಿಕ್ಕರೆ ಬದಲಿಸುತ್ತದೆ, ಉಳಿದದ್ದನ್ನು ಹಾಗೇ ಬಿಡುತ್ತದೆ. ಬುಧವಾರ ನೀನು ‘ನಿನ್ನ ಮಣ್ಣಿಗೂ ಬರಾಂಗಿಲ್ಲ’ ಎಂದು ಬರೆದೆ. ಹೆತ್ತವಳಿಗೆ ಹಾಗೆ ಬರೆಯಲು ನಿನಗೆ ಕೈಯಾದರೂ ಹೇಗೆ ಬಂತು? ಫೋನು ‘ನಿನ್ನ ಮಣ್ಣಿಗೂ ಬರ್ತೀನಿ’ ಎಂದು ಓದಿತು. ಅವ್ವ, “ಮಣ್ಣಿಗಿ ಬರ್ತಾನಂತ. ಹಂಗಾದ್ರ ಲಗೂನ ಹೋಗೂದ ಚಲೋ,” ಎಂದು ಗಂಜಿಯ ಬಟ್ಟಲು ಸರಿಸಿದಳು. ಪದ ಬದಲಿಸಿದ್ದು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ನಿನ್ನ ಮಾತನ್ನೂ ಹೇಳಬೇಕಾಗುತ್ತಿತ್ತು.

ನಿನ್ನ ಕಾಲಿಗೆ ಬೀಳುತ್ತೇನೆ, ಇವತ್ತೇ ಬಾ. ನಿನ್ನ ಕೈಯಿಂದ ಕೊಟ್ಟರೆ ಉಣ್ಣುತ್ತಾಳೆ. ವೈನಿಗೆ ನಮಸ್ಕಾರ, ಕೂಸಿಗೆ ಮುತ್ತು.

ನಿನ್ನ ತಂಗಿ,
ಭಾಗ್ಯಾ

ತಾ.ಕ.: ಈಶ್ವರ ಮಾಮಾ ಬಸ್ಸು ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ. ಅಣ್ಣಾ, ಅವ್ವ ಈಗಷ್ಟೇ ಹೋದಳು. “ಬಸು ಬರೂತನಕಾ ನನ್ನ ಎತ್ತಬ್ಯಾಡ್ರಿ,” ಎಂದು ನಿನ್ನೆಯೇ ನಮ್ಮ ಮಲಕಾರಿ ಕಾಕಾನಿಂದ ಮಾತು ತೆಗೆದುಕೊಂಡಿದ್ದಳು. ಅಂಗಳದಲ್ಲಿ ಜನ ಸೇರುತ್ತಿದ್ದಾರೆ. ಮಗ ಬರ್ತಾನೇನು ಎಂದು ಎಲ್ಲರೂ ನನ್ನನ್ನೇ ಕೇಳುತ್ತಿದ್ದಾರೆ. ಬರ್ತಾನ ಎಂದು ಹೇಳಿದ್ದೇನೆ.